ಗುರುವಾರದ ಟಪಾಲು

ಕೀಲಿ ಕೋಟಿನ ಎಡಜೇಬಿನಲ್ಲಿದೆ.
ಹಾಗಂತ ಚೀಟಿ ಬರೆದು ಫ್ರಿಜ್ಜಿಗೆ ಅಂಟಿಸಿದ್ದೇನೆ,
ಅವರಿಗಲ್ಲ, ನನಗೆ.

ಊರ ಸಭಾಭವನದ ಬಾಗಿಲು ತೆರೆದರೆ ಮೂಗಿಗೆ ಬಡಿಯುವುದು
ನಿನ್ನೆ ಬಿಂಗೋ ಆಡಿದವರ ಒದ್ದೆ ಕೋಟು.
ಹದಿನಾಲ್ಕು ಕುರ್ಚಿ. ದುಂಡಗೆ ಹಾಕುವಂತಿಲ್ಲ,
ಹಾಕಿದರೆ ಥೆಲ್ಮಾಗೆ ಪ್ರಾರ್ಥನಾಸಭೆ ಅನಿಸಿ
ಎದ್ದು ನಿಂತು ಸಾಕ್ಷಿ ಹೇಳತೊಡಗುತ್ತಾಳೆ.
ಅವಳ ಪಾಪಗಳೋ,
ಊರಿನ ಅರ್ಧ ಗಂಡಸರ ಹೆಸರು.

ಕಿಟಕಿಯಾಚೆ ಲಿಂಕನ್‌ಶೈರಿನ ತಟ್ಟೆಯಂಥ ನೆಲ.
ಬೀಟ್‌ಗೆಡ್ಡೆಯ ಲಾರಿ, ಕಾಲುವೆ, ಮತ್ತೆ ಕಾಲುವೆ.
ಜೌಗಿನಿಂದ ಕಸಿದುಕೊಂಡ ಊರು ಇದು;
ಪಂಪು ಒಂದು ವಾರ ನಿಂತರೆ ಸಾಕು,
ನೀರಿಗೆ ತನ್ನ ಹಳೇ ವಿಳಾಸ ಗೊತ್ತು.

ನಾರಿಸ್ ಬರುವುದು ಹನ್ನೊಂದಕ್ಕೆ ಐದು ನಿಮಿಷವಿರುವಾಗ.
ಮೂವತ್ತೆಂಟು ವರ್ಷ ಇಲ್ಲಿ ಟಪಾಲು ಹಂಚಿದವನು.
ಸ್ವಂತ ಮನೆಯ ಬಚ್ಚಲು ಯಾವುದೆಂದು ಆವೆರಿಲ್‌ಳನ್ನು ಕೇಳುತ್ತಾನೆ,
ಆವೆರಿಲ್ ಯಾರೆಂದು ನನ್ನನ್ನು.
ಕಾಲುವೆ ದಂಡೆಯ ಏಳನೇ ಮನೆಯ ನಾಯಿ
ಯಾವ ಕಾಲು ಕಚ್ಚಿತೆಂದು ಕೇಳಿ ನೋಡಿ,
ಪ್ಯಾಂಟು ಎತ್ತಿ ತೋರಿಸುತ್ತಾನೆ.

ಕೈ ಸುಮ್ಮನಿರದು. ಬಿಸ್ಕತ್ತಿನ ಕೆಳಗಿನ ಕಾಗದ,
ಬೆಂಕಿ ಬಿದ್ದರೆ ಎಲ್ಲಿ ಓಡಬೇಕೆಂಬ ಸೂಚನೆ,
ಎಲ್ಲ ಜೋಡಿಸಿ ಕಟ್ಟು ಕಟ್ಟುತ್ತಾನೆ.
ಅದಕ್ಕೇ ಒಂದು ದಿನ ನಲವತ್ತು ಕರೆಯೋಲೆ ಕೊಟ್ಟೆ:
ಗುರುವಾರ ಬನ್ನಿ. ಚಹಾ ಇದೆ. ಏನೂ ನೆನಪಿರಬೇಕಿಲ್ಲ.
ಹೆಸರು ಬರಿ, ಅಂದ. ಹೆಸರಿಲ್ಲದ್ದು ಟಪಾಲಲ್ಲ, ಕಸ.
ಅವನು ಹೇಳಿದ, ನಾನು ಬರೆದೆ.
ಹದಿನೇಳನೆಯದಕ್ಕೆ ಪೆನ್ನು ನಿಂತಿತು.
ಥರ್ಜಾ ಪೆಲ್.
ಅವಳ ಶವಯಾತ್ರೆಗೆ ಸ್ಯಾಂಡ್‌ವಿಚ್ ಮಾಡಿದವಳು ನಾನೇ.

ಮೊದಮೊದಲು ತಿದ್ದುತ್ತಿದ್ದೆ,
ಹೊಸ ಮೇಷ್ಟ್ರಿಗೆ ಕೆಂಪು ಶಾಯಿಯ ಚಟ.
ನಿನ್ನ ತಮ್ಮ ತೀರಿಕೊಂಡು ಇಪ್ಪತ್ತು ವರ್ಷವಾಯಿತಲ್ಲ,
ಅಂದಿದ್ದೆ ಒಮ್ಮೆ, ಸಕ್ಕರೆ ಕಲಕುತ್ತ.
ಟೋಪಿ ತೆಗೆದ. ಅವನಿಗದು ಆಗಷ್ಟೇ ಬಂದ ತಂತಿ.
ಚಹಾ ಆರಿತು. ಮನೆಗೆ ಹೊರಟಾಗ
ತಾನೇಕೆ ಅಳುತ್ತಿದ್ದೇನೆಂದು ನನ್ನನ್ನೇ ಕೇಳಿದ.

ಬರೆದೆ: ಥರ್ಜಾ ಪೆಲ್, ಮಾಲ್ಟ್‌ಹೌಸ್ ಓಣಿ, ಮೂರು.

ಹಂಚಿದ. ಹತ್ತು ಹೆಜ್ಜೆ ಹಿಂದೆ ಆವೆರಿಲ್, ಗಾಳಿಗೆ ವಾಲಿ.
ಒಂದು ಗೇಟೂ ತಪ್ಪಲಿಲ್ಲವಂತೆ.
ನಲವತ್ತರಲ್ಲಿ ಇಪ್ಪತ್ತಾರು
ಚರ್ಚಿನ ಹಿತ್ತಲಲ್ಲಿ ಮಲಗಿದವರಿಗೆ.

ಮುಂದಿನ ಗುರುವಾರ ಬಾಗಿಲಲ್ಲಿ ಡೈವಾ,
ಲಿಥುವೇನಿಯದವಳು, ಆಲೂಗಡ್ಡೆ ಕಾರ್ಖಾನೆಯ ರಾತ್ರಿಪಾಳಿ
ಇನ್ನೂ ಕಣ್ಣಿನ ಕೆಳಗಿತ್ತು. ಕೈಯಲ್ಲಿ ಲಕೋಟೆ.
"ಈ ಹೆಸರಿನವರು ನಮ್ಮಲ್ಲಿಲ್ಲ.
ಎಸೆಯೋಕೆ ಮನಸ್ಸು ಬರಲಿಲ್ಲ.
ಆರು ವರ್ಷದಲ್ಲಿ ಈ ಊರು ನನ್ನ ಬಾಗಿಲಿಗೆ ಹಾಕಿದ್ದರಲ್ಲಿ
ಬನ್ನಿ ಅಂತ ಇದ್ದದ್ದು ಇದೊಂದೇ."

ನಾನು ಬಾಯಿ ತೆರೆಯುವ ಮೊದಲೇ ನಾರಿಸ್ ಎದ್ದ:
"ಬಾಗಿಲಿಗೆ ಹೊಸ ಬಣ್ಣ ಹೊಡೆಸಿದ್ದೀರಿ, ಮಿಸೆಸ್ ಪೆಲ್."
ಅವಳು ನನ್ನ ಮುಖ ನೋಡಿದಳು.
ನಾನು ಕೆಟಲಿನ ಮುಖ ನೋಡಿದೆ.
"ಹೌದು," ಅಂದಳು. "ಹಸಿರು."
"ಕೆಂಪೇ ಚೆನ್ನಾಗಿತ್ತು," ಅಂದ, ಖಡಾಖಂಡಿತ.

ಈಗ ಕಪ್ಪು ತೊಳೆಯುವವಳು ಅವಳೇ,
ಜೇನಿನ ಕೇಕು ತರುವವಳೂ.
ಥೆಲ್ಮಾ ತನ್ನ ಪಾಪಗಳನ್ನೆಲ್ಲ ಅವಳಿಗೆ ಒಪ್ಪಿಸಿ ಹಗುರಾಗಿದ್ದಾಳೆ.
ಕೌನ್ಸಿಲ್ಲಿನಿಂದ ನಮೂನೆ ಬಂದಿದೆ:
ಸದಸ್ಯರಲ್ಲಿ ಸುಧಾರಣೆ? ಒಂದರಿಂದ ಐದರೊಳಗೆ ಗುರುತಿಸಿ.
ಅದರ ಬೆನ್ನಿಗೆ ಬಿಸ್ಕತ್ತಿನ ಲೆಕ್ಕ ಬರೆದಿದ್ದೇನೆ.

ಇವತ್ತು ಹೊರಡುವಾಗ ನಾರಿಸ್‌ನ ಕೈಯಲ್ಲಿ ಒಂದು ಕಾಗದ ಉಳಿದಿತ್ತು.
ಬೆಳಕಿಗೆ ಹಿಡಿದ, ತಿರುಗಿಸಿದ.
"ಆವೆರಿಲ್ ಅಂತ ಯಾರೋ. ವಿಳಾಸ ಪೂರ್ತಿ ಇಲ್ಲ."
ಅವನ ಕೋಟಿನ ಗುಂಡಿ ಹಾಕುತ್ತಿದ್ದವಳು
ಕೊನೆಯ ಗುಂಡಿಯನ್ನೂ ಹಾಕಿ,
"ಆ ಮನೆ ನಂಗೊತ್ತು," ಅಂದಳು.
"ನಾನೂ ಅದೇ ದಾರಿ."