ತುದಿ ಸುಟ್ಟ ಕಡ್ಡಿಗಳು

ಸುಕ್ರೆ ಊರಿನ ಲ್ಯಾಬಿನಲ್ಲಿ ನಿಕನೋರಾ ಚೋಕೆ
ಗಾಜಿನ ಮೇಲೆ ಗಾಜಿಟ್ಟು ಹೆಬ್ಬೆರಳಲ್ಲಿ ಒತ್ತುತ್ತಾಳೆ,
ಕೂಸಿನ ನೆತ್ತಿ ಮುಟ್ಟುವಷ್ಟೇ ಭಾರ.

ಒಳಗೆ
ವಿಂಚೂಕಾ ತಿಗಣೆಯ, ಗಂಡಿನದು, ವೃಷಣದ ಚೂರು.
ಬಣ್ಣ ಕುಡಿದ ವರ್ಣತಂತುಗಳು ಇಪ್ಪತ್ತೆರಡು.
ಕೆಲವಕ್ಕೆ ತುದಿ ಕಪ್ಪು,
ಗೀರಿ ಆರಿಸಿದ ಬೆಂಕಿಕಡ್ಡಿಯ ಹಾಗೆ.
ಕಪ್ಪು ಇಷ್ಟಿದ್ದರೆ ಬೆಟ್ಟದ ಕುಲ,
ಬಯಲಿನದಲ್ಲ.

ಗೊತ್ತಿತ್ತು. ಡಬ್ಬಿಯ ಚೀಟಿ ಅಣ್ಣನ ಅಕ್ಷರ:
'ಅಮ್ಮನ ಮಂಚದ ಹಿಂದೆ, ಗೋಡೆಯ ಬಿರುಕು.'

ಆಲೂಗಡ್ಡೆ ಸುಲಿಯುವಾಗ ನಿಂತ ಹೃದಯ,
ಅಷ್ಟು ಊದಿದ್ದು ಯಾರಿಗೂ ತಿಳಿದಿರಲಿಲ್ಲ.
ಉಂಡ ಮನೆಗೆ ಎರಡು ಬಗೆದವಳು
ಇದರ ಮುತ್ತಜ್ಜಿಯೋ ಏನೋ;
ಕಡ್ಡಿಗಳು ಅದನ್ನು ಹೇಳುವುದಿಲ್ಲ.

ನಮೂನೆಯ ಕೊನೆಯ ಸಾಲು:
ಮನೆಯಲ್ಲಿ ಮಲಗುವವರು ಎಷ್ಟು?
ಅಣ್ಣ ಮೂರು ಎಂದು ಬರೆದಿದ್ದಾನೆ,
ನಾಯಿಯನ್ನೂ ಹಿಡಿದು.

ಅವಳು ತಿದ್ದುವುದಿಲ್ಲ.