ಚರಟ

ಸಾಲಗಾಮೆ ರಸ್ತೆಯ ಕಾಲೇಜಿನ ಹಿಂಬದಿ ಕೋಣೆಯಲ್ಲಿ
ನನಗೊಂದು ಅಳಗುಳಿ ಮಣೆ ಇದೆ, ಪ್ಲಾಸ್ಟಿಕ್ಕಿನದು.
ಹದಿನಾಲ್ಕಲ್ಲ, ತೊಂಬತ್ತಾರು ಗುಳಿ.
ಹುಣಸೆಬೀಜದ ಬದಲು
ಗುಳಿಗೆ ಐದು ಸಾವಿರದಂತೆ ಜೀವಕೋಶ.

ಯಾವ ದೇಶದ ಯಾವ ಹೆಂಗಸಿನವೋ.
ಆಕೆ ಮಣ್ಣಾಗಿ ಎಷ್ಟು ಕಾಲವಾಯಿತೋ,
ಅವಳ ಗಂಟಿಗೆ ಮಾತ್ರ ಸಾಯುವುದು ಮರೆತುಹೋಗಿದೆ.
ಮೂವತ್ತೇಳು ಡಿಗ್ರಿಯ ಪೆಟ್ಟಿಗೆಯಲ್ಲಿ
ಕರುವಿನ ರಕ್ತದ ತಿಳಿ ಕುಡಿದು
ಒಂದು ಎರಡಾಗಿ, ಎರಡು ನಾಲ್ಕಾಗಿ...
ಕರೆಂಟು ಹೋದರೆ ನಾನು
ತೊಟ್ಟಿಲ ಸದ್ದು ಕೇಳಿದವಳ ಹಾಗೆ ಓಡುತ್ತೇನೆ.
ಕೊಲ್ಲಬೇಕಾದದ್ದನ್ನು ಮೊದಲು ಸಾಕಬೇಕು.

ಬಿಸ್ಲೆ ಕಡೆಯಿಂದ ಸೊಪ್ಪು ಬಂತು,
ಅರಣ್ಯ ಇಲಾಖೆಯ ಮೊಹರಿನ ಕಾಗದದ ಜೊತೆ.
ದುರ್ವಾಸನೆ ಮರದ್ದು. ಹೆಸರಿಟ್ಟವರು ಸುಳ್ಳು ಹೇಳಿಲ್ಲ.
ನೆರಳಲ್ಲಿ ಒಣಗಿಸಿ, ಪುಡಿಮಾಡಿ, ಸ್ಪಿರಿಟ್ಟಿನಲ್ಲಿ ನೆನೆಹಾಕಿ,
ಹಿಂಡಿ, ಸೋಸಿ, ಆವಿ ಹೋಗಲು ಬಿಟ್ಟರೆ
ಸೀಸೆಯ ತಳದಲ್ಲಿ ಜೋನಿಬೆಲ್ಲದಂಥ ಒಂದಿಷ್ಟು ಅಂಟು.
ಚರಟ ಬಕೆಟ್ಟಿಗೆ.

ನಲವತ್ತೆಂಟು ಗಂಟೆ.
ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟೆ.
ನೆಲಕ್ಕೆ ಅವಚಿಕೊಂಡಿದ್ದವು ಕಾಲು ಮಡಚಿ ದುಂಡಗಾಗಿ
ಮೈಯೆಲ್ಲ ಬೊಬ್ಬೆ ಎದ್ದು,
ತಮ್ಮನ್ನು ತಾವೇ ಗಂಟುಮೂಟೆ ಕಟ್ಟಿಕೊಂಡು ತೇಲುತ್ತಿದ್ದವು.
ಬಣ್ಣ ಹಾಕಿದೆ.
ಬದುಕಿದ್ದರೆ ನೇರಳೆಹಣ್ಣು ತಿಂದ ನಾಲಗೆ,
ಸತ್ತಿದ್ದರೆ ಅರಿಸಿನ ನೀರು.
ಮೂರು ಸಾಲು, ಮೂರೂ ಅರಿಸಿನ.

ಆ ಸಂಜೆ ಗೇಟಿನಲ್ಲಿ
ವಾಚ್‌ಮನ್ ಚೆಲುವೇಗೌಡರಿಗೆ ಹೇಳಿಬಿಟ್ಟೆ, ಖುಷಿಗೆ.
ಬಾಯಿ ಮುಚ್ಚಿಕೊಂಡಿದ್ದರೆ ಚೆನ್ನಾಗಿತ್ತು.
ಅವರೇನೂ ಕೇಳಲಿಲ್ಲ. 'ಹೌದಾ ಮೇಡಂ' ಅಂದರು.
ಟಾರ್ಚನ್ನು ಒಂದು ಸಲ ಹಚ್ಚಿ ಆರಿಸಿದರು.

ಇನ್ನೊಂದು ಮಣೆ ಓದಿದ್ದು ಮಾರನೆಯ ಬೆಳಿಗ್ಗೆ.
ಅದರಲ್ಲಿದ್ದದ್ದು ರೋಗವಿಲ್ಲದ ಕೋಶ.
ಅದೂ ಅರಿಸಿನ.
ಕೈ ತೊಳೆಯಲು ತಿರುಗಿದರೆ
ಮೂಲೆಯ ಬಕೆಟ್ಟು ಖಾಲಿ, ತೊಳೆದು ಮಗುಚಿಟ್ಟಿದೆ.

ಆಟೋದವನಿಗೆ ಬೂವನಹಳ್ಳಿ ಅಂದದ್ದಷ್ಟೇ ನೆನಪು.
ಒಲೆಯ ಮೇಲೆ ಮಡಕೆ.
ಆ ವಾಸನೆ ನನಗೆ ನಿದ್ದೆಯಲ್ಲೂ ಗೊತ್ತು.
ದೊಡ್ಡತಾಯಮ್ಮ ಕತ್ತಿನ ಗಂಟಿಗೆ ಸೆರಗು ಸುತ್ತಿ ಕೂತಿದ್ದರು.
'ಕುಡಿದ್ರಾ?'
'ಆರ್ಲಿ ಅಂತ ಕಾಯ್ತಿದ್ದೆ ಕಣವ್ವ.'

ಏನೇನೋ ಹೇಳಿದೆ.
ಆ ಮಣೆಗೆ ಈಲಿ ಇಲ್ಲ, ಹೊಟ್ಟೆ ಇಲ್ಲ,
ಮಗ್ಗುಲಲ್ಲಿ ಮಲಗುವ ಮೊಮ್ಮಗಳಿಲ್ಲ.
ಅಲ್ಲಿಗೆ ಬ್ಲೀಚಿಂಗ್ ಪೌಡರ್ ಸುರಿದಿದ್ದರೂ
ಅರಿಸಿನವೇ ಬರುತ್ತಿತ್ತು ಅಂದೆ.
ಚೆಲುವೇಗೌಡರು ಬಾಗಿಲಲ್ಲಿ ನಿಂತು
ನೆಲ ನೋಡುತ್ತ ಒಂದೇ ಮಾತು:
'ನೀವೇ ತಾನೇ ಹೇಳಿದ್ದು.'

ಮಡಕೆಯನ್ನು ಹಿತ್ತಿಲಲ್ಲಿ ಚೆಲ್ಲಲಿಲ್ಲ.
ಕೋಳಿಗಳಿದ್ದವು.
ಮುಚ್ಚಳಕ್ಕೆ ಬಟ್ಟೆ ಕಟ್ಟಿ
ತೊಡೆಯ ಮೇಲಿಟ್ಟುಕೊಂಡು ಅದೇ ಆಟೋದಲ್ಲಿ ತಂದೆ,
ಬಿಸಿ ಇನ್ನೂ ಇತ್ತು.

ಗುರುವಾರ, ದೊಡ್ಡಾಸ್ಪತ್ರೆ.
ಅವರ ಕೈಗೆ ಡ್ರಿಪ್ ಇಳಿಯುತ್ತಿತ್ತು.
ಕಿಟಕಿಯಾಚೆ ಚರಂಡಿಯ ಅಂಚಿಗೆ ಕಾಶಿ ಕಣಗಿಲೆ,
ಯಾರೂ ನೀರು ಹಾಕದೆ, ಮೈತುಂಬ ಗುಲಾಬಿ ಬಣ್ಣ.
'ಈ ಔಷಧೀನೂ ಗಿಡದ್ದೇ, ಅಮ್ಮ. ಅದೇ ಗಿಡದ್ದು.'
'ಅದಾ? ದನಾನೂ ಬಾಯಿ ಹಾಕಲ್ವಲ್ಲ ಅದಕ್ಕೆ!'
ದನಕ್ಕೆ ನಮಗಿಂತ ಮುಂಚೆ ತಿಳಿದಿತ್ತೇನೋ.
ಒಂದು ಚಿಟಿಕೆ ತೆಗೆಯಲು ಗಾಡಿಗಟ್ಟಲೆ ಎಲೆ ಬೇಕು ಅಂದೆ,
ಎಷ್ಟೋ ಜನ, ಎಷ್ಟೋ ವರ್ಷ,
ಕೊಲ್ಲುವುದಕ್ಕೂ ಉಳಿಸುವುದಕ್ಕೂ ನಡುವಿನ ಕೂದಲೆಳೆಯಷ್ಟು ಜಾಗ
ಅಳೆದು ಅಳೆದು...

ಅವರು ಹೂವನ್ನೇ ನೋಡುತ್ತಿದ್ದರು.
'ಹಂಗಾರೆ ಅಷ್ಟೊಂದು ಚರಟಾನ
ಏನ್ ಮಾಡ್ತಾರವ್ವ?'

ನನಗೆ ಗೊತ್ತಿರಲಿಲ್ಲ.
ಇಬ್ಬರೂ ಹನಿ ಎಣಿಸತೊಡಗಿದೆವು.
ಮೂವತ್ತೆರಡಕ್ಕೆ ಅವರಿಗೆ ನಿದ್ದೆ ಹತ್ತಿತು.