ಪರೇಲಿನಲ್ಲಿ ನಿಲ್ಲದ ಗಾಡಿ

ಕಲ್ಯಾಣದಿಂದ ಕೂತು ಬಂದವರೇ,
ಡೊಂಬಿವ್ಲಿಯಲ್ಲಿ ನನ್ನ ಹಾಗೆ ತೂರಿಕೊಂಡವರೇ,
ಒಂದು ನಿಮಿಷ.
ಮಾರಲು ನನ್ನ ಹತ್ತಿರ ಕ್ಲಿಪ್ಪಿಲ್ಲ, ಪಿನ್ನಿಲ್ಲ,
ಕೇಳುವುದಷ್ಟೇ ಇದೆ.

ಆ ಮೂರನೆಯ ಕಿಟಕಿ, ನೀವೀಗ ಚೀಲ ಇಟ್ಟಿದ್ದೀರಲ್ಲ,
ಇರಲಿ ಬಿಡಿ, ತೆಗೆಯಬೇಡಿ,
ಅಲ್ಲಿ ಕೂರುತ್ತಿದ್ದ ಕುಮುದಿನಿ ಕೋಟ್ಯಾನ್
ಮತ್ತೆ ಪರೇಲಿನಲ್ಲಿದ್ದಾಳೆ.
ಮತ್ತೆ ಬಂದಿದೆ.
ಏನು ಎಂದು ಯಾರೂ ಕೇಳಲಿಲ್ಲ, ಗಮನಿಸಿದಿರಾ?
ಹೆಸರು ಹೇಳುವ ಮೊದಲೇ
ಎರಡು ಮೂರು ಕೈ ತಮ್ಮ ತಮ್ಮ ಸೆರಗು ದುಪಟ್ಟಾದೊಳಗೆ
ಒಮ್ಮೆ ಹೋಗಿ ಬಂದವು.

ಮೊದಲ ಸಲ ಎಡಗಡೆ. ಆಮೇಲೆ ಆರು ವರ್ಷ ನಾಲ್ಕು ತಿಂಗಳು ಸುಮ್ಮನಿತ್ತು.
ಎರಡನೆಯ ಸಲ ಬೆನ್ನುಮೂಳೆ. ಹತ್ತೊಂಬತ್ತು ತಿಂಗಳು.
ಲೆಕ್ಕ ನನ್ನದಲ್ಲ, ಅವಳದೇ.
ಬಂದರಿನ ಕಚೇರಿಯಲ್ಲಿ ಇಪ್ಪತ್ತೇಳು ವರ್ಷ ಬಿಲ್ಲು ಪಾಸು ಮಾಡಿದವಳು
"ಬಡ್ಡಿ ಏರ್ತಾ ಉಂಟು, ವಾಯಿದೆ ಇಳೀತಾ ಉಂಟು ಮಾರಾಯ್ತಿ"
ಎಂದು ನಕ್ಕಳು.
ಆ ನಗುವಿಗೆ ನಾನೇನು ಮಾಡಲಿ,
ಗೋಡೆಯ ಮೇಲಿನ 'ಉಗುಳಬಾರದು' ಓದುತ್ತಾ ನಿಂತೆ.

ನನಗೆ ಪ್ರಾರ್ಥನೆ ಬರುವುದಿಲ್ಲ.
ಗುರುವಾರದ ನಿಮ್ಮ ಭಜನೆಗೆ ತಾಳ ತಪ್ಪಿ ಚಪ್ಪಾಳೆ ಹಾಕಿದ್ದೂ
ಕೊನೆಗೆ ಸಿಗುವ ಶಿರಾದ ಆಸೆಗೆ.
ಒಬ್ಬಳೇ ಕೂತು ಕಣ್ಣು ಮುಚ್ಚಿದರೆ
ಕುಕ್ಕರು ಎಷ್ಟು ಕೂಗಿತೆಂದು ಎಣಿಸುತ್ತೇನೆ.
ಅದಕ್ಕೇ ನಿಮ್ಮಲ್ಲಿ ಬಂದೆ,
ಸಕ್ಕರೆ ಮುಗಿದಾಗ ಪಕ್ಕದ ಬಾಗಿಲು ತಟ್ಟುವ ಹಾಗೆ.

"ಯಾರಿಗೂ ಹೇಳ್ಬೇಡ, ಪಾಪ ಅನ್ನುವ ಮುಖ ಮಾಡ್ತಾರೆ"
ಅಂದಿದ್ದಳು ಹೋದ ಸಲ.
ಈ ಸಲ ಅವಳೇ ಫೋನು ಮಾಡಿದಳು:
"ಕೇಳುವುದಾದ್ರೆ ಸರಿಯಾಗಿ ಕೇಳ್ಲಿಕ್ಕೆ ಹೇಳು.
ವಿವರ ಇಲ್ಲದ ಅರ್ಜಿ ನಾನೇ ಎಷ್ಟು ವಾಪಸು ಕಳಿಸ್ಲಿಲ್ಲ!"

ಹಾಗಾಗಿ ಕೇಳಿಸಿಕೊಳ್ಳಿ.
ಹೆಸರು ಹೇಳಿದೆ. ತಾಯಿ ಅಪ್ಪಿ ಪೂಜಾರ್ತಿ.
ನಕ್ಷತ್ರ ಗೊತ್ತಿಲ್ಲ, ಭಾಂಡುಪದ ಚಾಳಿನಲ್ಲಿ
ಮೊಣಕಾಲುದ್ದ ನೀರು ನಿಂತ ದಿನ ಹುಟ್ಟಿದ್ದು.
ಸೂಜಿಗೆ ಮೊದಲ ಚುಚ್ಚಿಗೇ ನರ ಸಿಗಲಿ.
ನಾಲಿಗೆಯ ಮೇಲಿನ ತಗಡಿನ ರುಚಿ ತೊಲಗಿ
ಒಣಮೀನಿನ ಚಟ್ನಿ ಒಂದು ದಿನವಾದರೂ ಒಣಮೀನಿನ ಹಾಗಿರಲಿ.
ಶುಕ್ರವಾರದ ರಿಪೋರ್ಟಿನಲ್ಲಿ ಬಿಳಿಕಣ ಸಾಲುವಷ್ಟಿರಲಿ,
ಇಲ್ಲದಿದ್ದರೆ ಮದ್ದು ಮುಂದಕ್ಕೆ ಹೋಗುತ್ತದೆ.
ಮಗ ರಾತ್ರಿ ಬೆಂಚಿನ ಮೇಲೆ ಮಲಗಿದಾಗ
ಕಾವಲಿನವನು ಕೋಲು ಕುಟ್ಟಿ ಎಬ್ಬಿಸದಿರಲಿ.
ಪೂರ್ತಿ ಗುಣವಾಗಲಿ ಎಂಬುದನ್ನು
ಅವಳು ಪಟ್ಟಿಯಲ್ಲಿ ಬರೆಸಲಿಲ್ಲ.
ಕೊನೆಗೆ ನಾನೇ ಪೆನ್ಸಿಲಿನಲ್ಲಿ ಸೇರಿಸಿದ್ದೇನೆ.
ಅವಳಿಗೆ ಹೇಳಬೇಡಿ.

ದಾದರ್ ಬಿಟ್ಟಿತು. ಅರ್ಧ ಜನ ಇಳಿದು ಉಸಿರಿಗೆ ಜಾಗವಾಯಿತು.
ನಮ್ಮದು ಫಾಸ್ಟ್, ಪರೇಲಿನಲ್ಲಿ ನಿಲ್ಲುವುದಿಲ್ಲ.
ಒಂದು ಫಲಕ, ಒಂದು ಸೇತುವೆ, ಮೆಟ್ಟಿಲ ತುಂಬ ತಲೆ, ಮುಗಿಯಿತು.
ಅಷ್ಟು ಹೊತ್ತು ಸಾಕು.
ಶೇವಂತಾಬಾಯಿ, ಬಟಾಣಿ ಬಿಡಿಸುವ ಕೈ ನಿಲ್ಲಿಸಬೇಡಿ,
ಕಾಳು ಬೀಳುವ ಸದ್ದಿನಲ್ಲೇ ಹೇಳಿ.
ಏಳನೆಯ ಮಹಡಿಯಲ್ಲಿ ಅವಳು ಗಡಿಯಾರ ನೋಡುತ್ತಾಳಂತೆ,
ಎಂಟು ನಲವತ್ತೊಂದಕ್ಕೆ "ನಮ್ಮ ಗಾಡಿ ಹೋಯ್ತು"
ಎಂದು ನರ್ಸಿಗೆ ಹೇಳುತ್ತಾಳಂತೆ.

ಇವತ್ತು ನಾಲ್ಕು ನಿಮಿಷ ತಡ.
ಕಾಯುತ್ತಿರುತ್ತಾಳೆ.
ಬಂತು ನೋಡಿ ಫಲಕ,
ಹೇಳಿ, ಈಗ:
ಕುಮುದಿನಿ.